ಒಂದೇ ಗೆರೆಯ ಮೀನು

ಚಿಕ್ಕಮ್ಮ ಮಾಡುವ ಕೆಲಸವೇನು ಎಂಬುದು ಆ ಮನೆಯಲ್ಲಿ ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ಇಪ್ಪತ್ತಾರು ವರ್ಷದಿಂದ ಅವಳು ವಿಶ್ವವಿದ್ಯಾಲಯದ ಒಂದು ಪ್ರಯೋಗಾಲಯದಲ್ಲಿ ದುಡಿಯುತ್ತಿದ್ದಳು. ಅಕ್ಕನ ಗಂಡ, ಅಂದರೆ ಭಾವ, ಒಮ್ಮೆ ಅಲ್ಲಿಗೆ ಬಂದು ಅರ್ಧ ಗಂಟೆ ಸ್ಟೂಲಿನ ಮೇಲೆ ಕೂತು ನೋಡಿ ಹೋಗಿದ್ದರು. "ಒಂದು ಟ್ಯೂಬಿನಿಂದ ನೀರು ತೆಗೀತಾಳೆ, ಇನ್ನೊಂದಕ್ಕೆ ಹಾಕ್ತಾಳೆ. ಅದರಿಂದ ಮತ್ತೊಂದಕ್ಕೆ. ಸಂಜೆವರೆಗೂ ಅಷ್ಟೇ. ಅದಕ್ಕೊಂದು ಬಿಳಿ ಕೋಟು ಬೇರೆ," ಎಂದು ಊಟದ ಮೇಜಿನಲ್ಲಿ ವರದಿ ಒಪ್ಪಿಸಿದರು. ಎಲ್ಲರೂ ನಕ್ಕರು, ಅಕ್ಕ ಎಲ್ಲರಿಗಿಂತ ಜೋರಾಗಿ ನಕ್ಕಳು. ಚಿಕ್ಕಮ್ಮನೂ ನಕ್ಕಳು, ಆದರೆ ಒಳಗೊಳಗೇ ಉರಿದುಕೊಂಡಳು.

ಕೇಳುವ ಮನಸ್ಸು ಮಾಡಿದವಳು ಅಕ್ಕನ ಮಗಳು ಒಬ್ಬಳೇ. ಬಾಯಿ ತೆರೆದರೆ ಕುಯ್ಯುತ್ತಲೇ ಇರುತ್ತಾಳೆಂದು ಚಿಕ್ಕಂದಿನಲ್ಲೇ ಅವಳಿಗೆ ಪಿಟೀಲು ಎಂದು ಹೆಸರಿಟ್ಟಿದ್ದರು. ಹನ್ನೆರಡನೆಯ ವಯಸ್ಸಿನಲ್ಲಿ ಅವಳು ಚಿಕ್ಕಮ್ಮನ ಗುರುತಿನ ಚೀಟಿಯ ಮೇಲಿದ್ದ 'ಆಣ್ವಿಕ ಜೀವವಿಜ್ಞಾನ' ಎಂಬುದನ್ನು ತಡವರಿಸಿ ಓದಿ, ಹಾಗಂದರೇನು ಎಂದು ಹಟ ಹಿಡಿದಳು.

"ನಿನ್ನ ಮೈಯಲ್ಲಿ ಲೆಕ್ಕವಿಲ್ಲದಷ್ಟು ಜೀವಕೋಶ ಇದೆ. ಒಂದೊಂದರ ಒಳಗೂ ಡಿಎನ್‌ಎ ಅಂತ ಉದ್ದದ ದಾರ. ನಾಲ್ಕೇ ಅಕ್ಷರದಲ್ಲಿ ಬರೆದ ಬರಹ ಅದು," ಎಂದಳು ಚಿಕ್ಕಮ್ಮ. "ಕೋಶ ಅದರಲ್ಲಿ ಬೇಕಾದ ತುಂಡಿಗೆ ನಕಲು ತೆಗೆಯುತ್ತೆ. ನಕಲು ನೋಡಿಕೊಂಡು ಪ್ರೋಟೀನು ಕಟ್ಟುತ್ತೆ. ನಿನ್ನ ಕೂದಲು, ಸ್ನಾಯು, ಹೊಟ್ಟೆಯಲ್ಲಿ ಊಟ ಅರಗೋದು, ಎಲ್ಲಾ ಆ ಪ್ರೋಟೀನಿನ ಕೈವಾಡ. ಬರಹವನ್ನ ಯಾವಾಗ ಓದ್ತಾರೆ, ಯಾರು ಓದ್ತಾರೆ, ತಪ್ಪು ಎಲ್ಲಿ ಬೀಳುತ್ತೆ, ಆ ತಪ್ಪು ಅಮ್ಮನಿಂದ ಮಗುಗೆ ಹೇಗೆ ಹೋಗುತ್ತೆ, ಇದನ್ನ ಅಣುಗಳ ಮಟ್ಟಕ್ಕೆ ಇಳಿದು ಹುಡುಕೋದು ನಮ್ಮ ವಿದ್ಯೆ."

"ನೀನು ಅದನ್ನ ಕಣ್ಣಾರೆ ನೋಡಿದ್ದೀಯಾ?"

"ದಾರ ನೋಡಿಲ್ಲ. ಗೆರೆ ನೋಡ್ತೀನಿ. ಬೇಕಾದ ತುಂಡನ್ನ ಕೋಟಿಗಟ್ಟಲೆ ನಕಲು ಮಾಡಿ, ಜೆಲ್ಲಿಯಂಥ ಒಂದು ಹಲಗೆಯೊಳಗೆ ವಿದ್ಯುತ್ ಕೊಟ್ಟು ಓಡಿಸ್ತೀವಿ. ಚಿಕ್ಕ ತುಂಡು ದೂರ ಓಡುತ್ತೆ, ಉದ್ದದ್ದು ಹಿಂದೆ ಉಳಿಯುತ್ತೆ. ನಿಂತ ಕಡೆ ಒಂದು ಗೆರೆ ಹೊಳೆಯುತ್ತೆ. ಅಮ್ಮನಿಂದ ಬಂದದ್ದಕ್ಕೆ ಒಂದು ಗೆರೆ, ಅಪ್ಪನಿಂದ ಬಂದದ್ದಕ್ಕೆ ಒಂದು."

ಪಿಟೀಲು ಬಾಯಿ ಬಿಟ್ಟುಕೊಂಡು ಕೇಳಿದಳು. ಅವತ್ತಿನಿಂದ ಚಿಕ್ಕಮ್ಮ ಹೇಳಿದ್ದೇ ಅವಳಿಗೆ ಕೊನೆಯ ಮಾತು. ಚಿಕ್ಕಮ್ಮನಿಗೂ ಅದು ಹಿತವಾಗಿತ್ತು, ಸುಳ್ಳು ಯಾಕೆ.

ನಿಜ ಹೇಳಬೇಕೆಂದರೆ ಆ ಪ್ರಯೋಗಾಲಯದ್ದು ಮೀನಿನ ಕೆಲಸ. ನದಿಯ ಯಾವ ತಿರುವಿನ ಮೀನು ಯಾವ ತಿರುವಿನದರ ಸಂತಾನ ಎಂದು ಕಂಡುಹಿಡಿಯುವುದು. ಡಿಎನ್‌ಎಯಲ್ಲಿ ಕೆಲವು ಕಡೆ ಎರಡು ಮೂರು ಅಕ್ಷರದ ಒಂದೇ ತುಣುಕು ಸಾಲಾಗಿ ಮರುಕಳಿಸುತ್ತದೆ. ಒಂದು ಮೀನಿನಲ್ಲಿ ಎಂಟು ಬಾರಿ, ಇನ್ನೊಂದರಲ್ಲಿ ಹದಿನಾಲ್ಕು ಬಾರಿ. ಅದನ್ನು ಎಣಿಸಿದರೆ ತಾಯಿ ಮರಿಗಳ ಸಂಬಂಧ ಗೊತ್ತಾಗುತ್ತದೆ. ಈ ಎಣಿಕೆಯಲ್ಲಿ ಒಂದು ಮೋಸವಿದೆ. ಕೆಲವೊಮ್ಮೆ ಎರಡರಲ್ಲಿ ಒಂದು ತುಂಡು ನಕಲೇ ಆಗುವುದಿಲ್ಲ. ಆಗ ಕಾಣುವುದು ಒಂದೇ ಗೆರೆ. ತಾಯಿ ತಂದೆ ಇಬ್ಬರಿಂದಲೂ ಒಂದೇ ಅಳತೆಯದು ಬಂದು ಎರಡು ಗೆರೆ ಒಂದರ ಮೇಲೊಂದು ಕೂತಾಗಲೂ ಕಾಣುವುದು ಒಂದೇ ಗೆರೆ. ನೋಡುವ ಕಣ್ಣಿಗೆ ಎರಡಕ್ಕೂ ವ್ಯತ್ಯಾಸವಿಲ್ಲ. ಅದಕ್ಕಾಗಿ ಚಿಕ್ಕಮ್ಮನೇ ಅಲ್ಲಿ ಒಂದು ಕಟ್ಟಳೆ ಹಾಕಿದ್ದಳು: ಒಂದೇ ಗೆರೆ ಬಂದರೆ ದಾಖಲೆ ಪುಸ್ತಕದಲ್ಲಿ ಅದರ ಪಕ್ಕ ಕೆಂಪು ಶಾಯಿಯಲ್ಲಿ ಪ್ರಶ್ನೆ ಗುರುತು. ಬೇರೆ ವಿಧಾನದಲ್ಲಿ ಖಾತ್ರಿಯಾಗುವ ತನಕ ಅದನ್ನು ಅಳಿಸುವಂತಿಲ್ಲ. ಈ ಗುರುತು ಮರೆತ ಸಂಶೋಧನಾ ವಿದ್ಯಾರ್ಥಿಗಳಿಗೆ ಅವಳು ಎಲ್ಲರೆದುರು ಮಂಗಳಾರತಿ ಮಾಡುತ್ತಿದ್ದಳು. ಪ್ರೊಫೆಸರರನ್ನೂ ಬಿಟ್ಟಿರಲಿಲ್ಲ.

ಇಷ್ಟೆಲ್ಲ ತಿಳಿದವಳ ಕಣ್ಣೆದುರಿಗೇ ಅಕ್ಕ ಕಾಯಿಲೆ ಬಿದ್ದಳು. ನಲವತ್ತರ ಆಚೆಗೆ ರೆಪ್ಪೆ ಜೋತುಬಿದ್ದವು. ಕೂತಲ್ಲೇ ತೂಕಡಿಸುವಳು, ನಿದ್ದೆಬುರುಕಿ ಎಂದು ಎಲ್ಲರೂ ಆಡಿಕೊಂಡರು. ಹಿಡಿದದ್ದನ್ನು ಕೈ ಬಿಡುತ್ತಿರಲಿಲ್ಲ. ಬಸ್ಸಿನ ಕಂಬ ಹಿಡಿದರೆ ಇಳಿಯುವ ನಿಲ್ದಾಣ ಬಂದರೂ ಬೆರಳು ಬಿಚ್ಚುತ್ತಿರಲಿಲ್ಲ, ಒಂದೊಂದಾಗಿ ಎಡಗೈಯಿಂದ ಬಿಡಿಸಿಕೊಳ್ಳಬೇಕು. "ಜಿಪುಣಿ, ಕಂಬವನ್ನೂ ಮನೆಗೆ ತರ್ತೀಯಾ," ಎಂದು ರೇಗಿಸಿದವಳು ಚಿಕ್ಕಮ್ಮನೇ. ಆಸ್ಪತ್ರೆಯವರು ರೋಗಕ್ಕೆ ಹೆಸರು ಕೊಡುವಷ್ಟರಲ್ಲಿ ಹದಿನೈದು ವರ್ಷ ಕಳೆದಿತ್ತು. ಸ್ನಾಯುಗಳನ್ನು ತಿನ್ನುವ ಆನುವಂಶಿಕ ಕಾಯಿಲೆ. ಮೂರಕ್ಷರದ ಒಂದು ತುಣುಕು ಆರೋಗ್ಯವಂತರಲ್ಲಿ ಐದರಿಂದ ಮೂವತ್ತು ಚಿಲ್ಲರೆ ಬಾರಿ ಬರುವುದು, ಇವರಲ್ಲಿ ಗೀರು ಬಿದ್ದ ರೆಕಾರ್ಡಿನ ಹಾಗೆ ನೂರಾರು ಸಲ ಹೇಳಿದ್ದನ್ನೇ ಹೇಳುತ್ತದೆ. ಅಂದರೆ ಚಿಕ್ಕಮ್ಮ ದಿನ ಬೆಳಗಾದರೆ ಮೀನಿನಲ್ಲಿ ಎಣಿಸುತ್ತಿದ್ದಂಥದೇ ತುಣುಕು. ಮರುವರ್ಷ ಒಂದು ಮಧ್ಯಾಹ್ನ ಅಕ್ಕನ ಹೃದಯ ನಿಂತಿತು. ತನ್ನ ವಿದ್ಯೆ ಮನೆಯ ಹೊಸ್ತಿಲು ದಾಟಿ ಒಳಗೆ ಬರಲಿಲ್ಲವೆಂಬ ಸಂಕಟ ಚಿಕ್ಕಮ್ಮನನ್ನು ಬಿಡದೆ ಕೊರೆಯತೊಡಗಿತು.

ಅಕ್ಕ ಹೋದ ಏಳು ತಿಂಗಳಿಗೆ ಪಿಟೀಲು ಬಂದಳು. ಈಗ ಅವಳಿಗೆ ಇಪ್ಪತ್ತೊಂಬತ್ತು, ಹೆಂಗಸರ ಕೂದಲು ಕತ್ತರಿಸುವ ಸ್ವಂತ ಅಂಗಡಿ, ಮದುವೆಯಾಗಿ ಎರಡು ವರ್ಷ. ಕೈಯಲ್ಲಿ ಆಸ್ಪತ್ರೆಯ ಆನುವಂಶಿಕತೆ ವಿಭಾಗದ ಚೀಟಿ ಇತ್ತು.

"ನನಗೆ ಬಂದಿರೋ ಸಾಧ್ಯತೆ ಅರ್ಧಕ್ಕರ್ಧ ಅಂತೆ," ಎಂದಳು. "ಬಂದಿದ್ರೆ ನನ್ನ ಮಗುಗೂ ಅರ್ಧಕ್ಕರ್ಧ. ತಾಯಿಯಿಂದ ಮಗುಗೆ ಹೋಗುವಾಗ ಅದು ಇನ್ನೂ ಉದ್ದ ಆಗುತ್ತಂತೆ. ಹುಟ್ಟಿದ ಮಗು ಹಾಲು ಚೀಪೋಕೂ ಆಗದೆ, ಉಸಿರೆಳೆಯೋಕೂ ಆಗದೆ ಇರಬಹುದಂತೆ. ನನಗೆ ಇಲ್ಲ ಅಂತಾದ್ರೆ ಮಾತ್ರ ಮಗು ಮಾಡ್ಕೊಳ್ಳೋದು ಅಂತ ನಾವಿಬ್ಬರೂ ತೀರ್ಮಾನ ಮಾಡಿದ್ದೀವಿ."

"ಎಷ್ಟು ದಿನ ಹಿಡಿಯುತ್ತಂತೆ?"

"ನಾಲ್ಕು ತಿಂಗಳು. ಮೊದಲು ಮಾತಾಡಿಸ್ತಾರೆ, ಆಮೇಲೆ ಯೋಚನೆ ಮಾಡೋಕೆ ಬಿಡ್ತಾರೆ, ಆಮೇಲೆ ರಕ್ತ. ಎರಡೆರಡು ಥರ ಪರೀಕ್ಷೆ ಮಾಡ್ತಾರಂತೆ."

"ನಾಲ್ಕು ತಿಂಗಳು ಜೀವ ಕೈಯಲ್ಲಿ ಹಿಡ್ಕೊಂಡು ಕೂರ್ತೀಯಾ?" ಚಿಕ್ಕಮ್ಮ ಮೂಗು ಮುರಿದಳು. "ಅಲ್ಲಿರೋ ಅರ್ಧ ಜನಕ್ಕೆ ಪಿಪೆಟ್ ಹಿಡಿಯೋದು ಹೇಳಿಕೊಟ್ಟವಳು ನಾನು. ಆ ಚೀಟಿ ಅತ್ತ ಎಸೆ. ಮೂರು ದಿನದಲ್ಲಿ ನಾನು ಹೇಳ್ತೀನಿ."

ಪಿಟೀಲು ಚೀಟಿಯನ್ನು ಎಸೆಯಲಿಲ್ಲ, ಮಡಚಿ ಪರ್ಸಿನಲ್ಲಿಟ್ಟುಕೊಂಡಳು. ಆದರೆ ಮರುದಿನ ಆಸ್ಪತ್ರೆಗೆ ಫೋನ್ ಮಾಡಿ ಬರುವುದಿಲ್ಲವೆಂದು ಹೇಳಿದಳು. ಚಿಕ್ಕಮ್ಮ ಅವಳ ಕೆನ್ನೆಯ ಒಳಭಾಗವನ್ನು ಹತ್ತಿಯ ಕಡ್ಡಿಯಿಂದ ಸವರಿ ತೆಗೆದುಕೊಂಡಳು.

ಶನಿವಾರ ಮಧ್ಯಾಹ್ನ ಪ್ರಯೋಗಾಲಯ ಖಾಲಿಯಿತ್ತು. ಅಲ್ಲಿ ಮನುಷ್ಯರ ಪರೀಕ್ಷೆ ಮಾಡುವಂತಿಲ್ಲ. ಸಿಕ್ಕಿಬಿದ್ದರೆ ಕೆಲಸ ಹೋಗುತ್ತದೆ. ದಾಖಲೆ ಪುಸ್ತಕದಲ್ಲಿ ಪಿಟೀಲಿನ ಹೆಸರು ಬರೆಯುವ ಬದಲು ಅವಳು 'ಮೀನು 412' ಎಂದು ಬರೆದಳು. ಎರಡು ಗಂಟೆ ನಕಲು ತೆಗೆಯುವ ಯಂತ್ರ ನಡೆಯಿತು, ಒಂದು ಗಂಟೆ ಹಲಗೆಯೊಳಗೆ ತುಂಡುಗಳು ಓಡಿದವು. ನೀಲಿ ದೀಪದ ಕೆಳಗಿಟ್ಟು ನೋಡಿದಾಗ ಒಂದು ಗೆರೆ ಇತ್ತು, ಚೊಕ್ಕವಾಗಿ, ಗಾಢವಾಗಿ. ಅಳತೆ ಐದು. ಆರೋಗ್ಯವಂತರದ್ದು. ಮೇಲೆಲ್ಲ ಕಪ್ಪು, ಏನೂ ಇಲ್ಲ.

ಚಿಕ್ಕಮ್ಮನ ಕಣ್ಣಲ್ಲಿ ನೀರು ಬಂತು. ಫೋಟೋ ತೆಗೆದು ಪುಸ್ತಕಕ್ಕೆ ಅಂಟಿಸಿದಳು. ರೂಢಿಯಂತೆ ಕೆಂಪು ಪೆನ್ನು ಕೈಗೆ ತಾನಾಗಿ ಬಂತು, ಮುಚ್ಚಳವೂ ತೆರೆಯಿತು. ನೂರಾರು ಬಾರಿಯ ತುಣುಕು ಈ ಯಂತ್ರದಲ್ಲಿ ನಕಲಾಗುವಷ್ಟು ಸಣ್ಣದಲ್ಲವೆಂದು ಅವಳಿಗೆ ಗೊತ್ತಿತ್ತು. ಚೆನ್ನಾಗಿಯೇ ಗೊತ್ತಿತ್ತು. ಆದರೆ ಗೆರೆ ಎಷ್ಟು ಗಾಢವಾಗಿದೆಯಲ್ಲ, ಎರಡು ಒಂದರ ಮೇಲೊಂದು ಕೂತಿರುವುದಕ್ಕೇ ಇರಬೇಕು ಎಂದುಕೊಂಡಳು. ಬೇರೆ ಯಾರಾದರೂ ಹಾಗೆ ಹೇಳಿದ್ದರೆ ಅವರ ಚರ್ಮ ಸುಲಿದುಬಿಡುತ್ತಿದ್ದಳು. ಪೆನ್ನಿನ ಮುಚ್ಚಳ ಹಾಕಿ ಫೋನ್ ತೆಗೆದಳು.

"ಏನೂ ಇಲ್ಲ ಕಣೇ. ನೀನು ಪಾರು," ಎಂದಳು. ಆ ಕಡೆ ಪಿಟೀಲು ಮೊದಲ ಸಲ ಮಾತು ಹೊರಡದೆ ಬಿಕ್ಕಿ ಬಿಕ್ಕಿ ಅತ್ತಳು. ಅಲ್ಲೇ ಇದ್ದ ಭಾವ ಫೋನ್ ಇಸಿದುಕೊಂಡು, "ನಿನ್ನ ನೀರಾಟದಿಂದ ಕೊನೆಗೂ ಒಂದು ಉಪಕಾರ ಆಯ್ತು," ಎಂದರು. ಇಪ್ಪತ್ತಾರು ವರ್ಷದಲ್ಲಿ ಕೇಳಿದ ಮೊದಲ ಶಹಬ್ಬಾಸ್. ಚಿಕ್ಕಮ್ಮ ಅವತ್ತು ಕಾಲು ನೆಲಕ್ಕೆ ತಾಗದ ಹಾಗೆ ಮನೆಗೆ ನಡೆದಳು.

ಒಂದೂವರೆ ವರ್ಷ ಸಂದಿತು. ಪಿಟೀಲು ಬಸುರಿಯಾಗಿ ಐದು ತಿಂಗಳಾಗಿತ್ತು. ಸ್ಕ್ಯಾನಿನ ಚಿತ್ರ ಹಿಡಿದು ಪ್ರಯೋಗಾಲಯದ ಬಾಗಿಲ ತನಕ ಬಂದು ತೋರಿಸಿ ಹೋಗಿದ್ದಳು. ಅದರ ಮರುವಾರ ಎರಡು ವರ್ಷಕ್ಕೊಮ್ಮೆ ನಡೆಯುವ ತಪಾಸಣೆ ಬಂತು.

ತಪಾಸಣೆಗೆ ಬಂದಾಕೆ ಬೆಳ್ಳಿ ಕೂದಲಿನ, ಸಣ್ಣ ದನಿಯ ಹೆಂಗಸು. ಚಹಾ ಬೇಡವೆಂದರು, ಪುಸ್ತಕ ಬೇಕೆಂದರು. ಎರಡು ವರ್ಷದ ಹಾಳೆಗಳನ್ನು ಒಂದೊಂದಾಗಿ ಮಗುಚಿದರು. ಕೆಂಪು ಪ್ರಶ್ನೆ ಗುರುತುಗಳನ್ನು ಕಂಡು ಮೆಚ್ಚಿ ತಲೆದೂಗಿದರು. "ಇಷ್ಟು ಕಟ್ಟುನಿಟ್ಟು ಎಲ್ಲೂ ನೋಡಿಲ್ಲ," ಎಂದರು. ಪ್ರೊಫೆಸರು ಹೆಮ್ಮೆಯಿಂದ ಚಿಕ್ಕಮ್ಮನನ್ನು ತೋರಿಸಿ, "ಎಲ್ಲಾ ಇವರ ಆಳ್ವಿಕೆ," ಎಂದರು. ಆಮೇಲೆ ಒಂದು ಹಾಳೆಯ ಮೇಲೆ ಆಕೆಯ ಬೆರಳು ನಿಂತಿತು.

"ಈ ಮೀನು, ನಾನೂರ ಹನ್ನೆರಡು. ಒಂದೇ ಗೆರೆ ಇದೆ. ಗುರುತು ಇಲ್ಲವಲ್ಲ?"

ಚಿಕ್ಕಮ್ಮ ಹಾಳೆಯತ್ತ ಬಗ್ಗಿ ನೋಡಿದಳು. "ಕೈತಪ್ಪಿನಿಂದ ಬಿಟ್ಟುಹೋಗಿರಬೇಕು," ಎಂದಳು.

"ಎರಡನೇ ವಿಧಾನದಲ್ಲಿ ನೋಡಿದ್ದೀರಾ?"

"ಇಲ್ಲ."

"ತಾಯಿ ಮೀನಿನ ಮಾದರಿ ಇದೆಯಾ?"

"ತಾಯಿ ಸತ್ತಿದೆ."

"ಸತ್ತರೂ ಅದರ ಅಳತೆ ಎಲ್ಲಾದರೂ ಬರೆದಿರ್ತಾರಲ್ಲ," ಎಂದರು ಆಕೆ, ಪಾಠ ಹೇಳುವ ಬಿಗುವಿಲ್ಲದೆ, ಸಹಜವಾಗಿ. "ತೆಗೆದು ನೋಡಿ. ತಾಯಿಯಲ್ಲಿ ಕಾಣುವ ಗೆರೆ ಮರಿಯಲ್ಲಿ ಇಲ್ಲ ಅಂದರೆ, ತಾಯಿಯಿಂದ ಮರಿಗೆ ಬಂದಿರೋದು ಕಾಣದೇ ಇರೋದು. ನಿಮಗೆ ನಾನು ಹೇಳಬೇಕಾಗಿಲ್ಲ."

ಹೇಳಬೇಕಾಗಿರಲಿಲ್ಲ, ನಿಜ. ಮುಂದಿನ ಹಾಳೆಗಳು ಮಗುಚಿದವು, ಸಹಿಗಳು ಬಿದ್ದವು, ಪ್ರಯೋಗಾಲಯಕ್ಕೆ ಅತ್ಯುತ್ತಮ ಎಂಬ ದರ್ಜೆ ಬಂತು. ಪ್ರೊಫೆಸರು ಎಲ್ಲರಿಗೂ ಐಸ್‌ಕ್ರೀಮ್ ತರಿಸಿದರು. ಚಿಕ್ಕಮ್ಮ ತಲೆನೋವೆಂದು ಹೇಳಿ ಹೊರಟಳು.

ಅಕ್ಕನ ಆಸ್ಪತ್ರೆಯ ಕಡತ ಅವಳ ಮನೆಯ ಕಪಾಟಿನಲ್ಲೇ ಇತ್ತು, ಬಟ್ಟೆಗಳ ಕೆಳಗೆ. ಅಕ್ಕ ಸತ್ತ ಮೇಲೆ ಭಾವ ಅದನ್ನು ನೋಡಲಾರೆನೆಂದು ತಂದುಕೊಟ್ಟಿದ್ದರು. ಚಿಕ್ಕಮ್ಮನೂ ನೋಡಲಾರದೆ ಒಳಗಿಟ್ಟಿದ್ದಳು. ಕೋಟು ತೆಗೆಯದೆ ನೆಲದ ಮೇಲೆ ಕೂತು ಹಾಳೆ ಹುಡುಕಿದಳು. ರೋಗ ಖಾತ್ರಿ ಮಾಡಿದ ವರದಿ ಮೂರು ಸಾಲಿನದು. ಒಂದು ಪ್ರತಿಯಲ್ಲಿ ಹದಿಮೂರು ಬಾರಿ, ಸಾಮಾನ್ಯ. ಇನ್ನೊಂದರಲ್ಲಿ ಆರುನೂರಕ್ಕೂ ಹೆಚ್ಚು.

ಹದಿಮೂರು. ಪಿಟೀಲಿನದು ಐದು. ಅಕ್ಕನ ಒಳ್ಳೆಯ ಪ್ರತಿ ಬಂದಿದ್ದರೆ ಪಿಟೀಲಿನಲ್ಲಿ ಹದಿಮೂರರ ಗೆರೆ ಇರಲೇಬೇಕಿತ್ತು. ಇರಲಿಲ್ಲ. ಐದು ಭಾವನದು. ತಾಯಿಯಿಂದ ಏನೂ ಬಾರದೆ ಯಾರೂ ಹುಟ್ಟುವುದಿಲ್ಲ. ಹಾಗಾದರೆ ಬಂದದ್ದು ಇನ್ನೊಂದು.

ಇದಕ್ಕೆ ಎರಡನೇ ವಿಧಾನವೂ ಬೇಕಿರಲಿಲ್ಲ, ಇನ್ನೊಂದು ಶನಿವಾರವೂ ಬೇಕಿರಲಿಲ್ಲ. ಕಪಾಟಿನಿಂದ ಒಂದು ಕಾಗದ ತೆಗೆದು ಓದಿದ್ದರೆ ಸಾಕಿತ್ತು. ನದಿಯ ಪ್ರತಿ ಮೀನಿಗೂ ತೋರಿಸಿದ ಎಚ್ಚರಿಕೆಯನ್ನು ಅಕ್ಕನ ಮಗಳಿಗೆ ತೋರಿಸಲಿಲ್ಲ ಎಂಬುದು ಅವಳಿಗೆ ಅಲ್ಲಿ, ನೆಲದ ಮೇಲೆ, ಸ್ಪಷ್ಟವಾಗಿ ಅರ್ಥವಾಯಿತು. ತನ್ನ ಮೇಲೆ ತನಗೇ ಅಸಹ್ಯವಾಯಿತು.

ಎರಡು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಸುಮ್ಮನಿರಲು ಕಾರಣಗಳಿಗೆ ಬರವಿರಲಿಲ್ಲ. ಮಗುವಿಗೆ ಬಾರದೆಯೂ ಇರಬಹುದು. ಬಸುರಿಯ ನೆಮ್ಮದಿ ಯಾಕೆ ಕೆಡಿಸಬೇಕು. ಈಗ ಹೇಳಿ ಆಗುವುದೇನು. ಒಂದೊಂದು ಕಾರಣದ ಕೊನೆಗೂ ಅವಳ ಕೆಲಸವೇ ಬಂದು ಕೂರುತ್ತಿತ್ತು: ವಿಷಯ ಹೊರಬಿದ್ದರೆ ಮೀನು 412 ಯಾರೆಂದು ಕೇಳುತ್ತಾರೆ. ಅದನ್ನು ತಾನೇ ಗುರುತಿಸಿದಾಗ ಅವಳಿಗೆ ನಾಚಿಕೆಯಾಯಿತು. ಮೂರನೆಯ ದಿನ ಕಡತವನ್ನು ಚೀಲಕ್ಕೆ ಹಾಕಿಕೊಂಡು ಪಿಟೀಲಿನ ಅಂಗಡಿಗೆ ಹೋದಳು.

ಮಧ್ಯಾಹ್ನದ ಬಿಡುವು. ಎರಡು ಕುರ್ಚಿ, ಎರಡು ಕನ್ನಡಿ, ಗುಡಿಸಿ ಮೂಲೆಗೆ ಒಟ್ಟಿದ ಕೂದಲು, ಶಾಂಪೂವಿನ ಘಾಟು. ಪಿಟೀಲು ಗಿರಾಕಿಗಳ ಕುರ್ಚಿಯಲ್ಲೇ ಕಾಲು ಚಾಚಿ ಕೂತಿದ್ದಳು. "ಬಾ ಬಾ, ಬಿಳಿ ಕೂದಲಿಗೆ ಬಣ್ಣ ಹಾಕಿಸ್ಕೊಳ್ಳೋಕೆ ಕೊನೆಗೂ ಮನಸ್ಸು ಬಂತಾ," ಎಂದು ಶುರು ಮಾಡಿದವಳು ಚಿಕ್ಕಮ್ಮನ ಮುಖ ನೋಡಿ ನಿಲ್ಲಿಸಿದಳು.

ಚಿಕ್ಕಮ್ಮ ನಿಂತುಕೊಂಡೇ ಹೇಳಿದಳು. ಒಂದು ಗೆರೆ, ಐದು, ಹದಿಮೂರು. ಕಡತ ತೆರೆದು ಆ ಮೂರು ಸಾಲನ್ನೂ ತೋರಿಸಿದಳು. ಸುತ್ತಿ ಬಳಸಲಿಲ್ಲ, ಅಷ್ಟು ಮರ್ಯಾದೆ ಉಳಿಸಿಕೊಂಡಳು. ಪಿಟೀಲು ವರದಿಯನ್ನು ಎರಡು ಸಲ ಓದಿದಳು. ಹನ್ನೆರಡನೆಯ ವಯಸ್ಸಿನಲ್ಲಿ ಕೇಳಿದ್ದು ಮರೆತಿರಲಿಲ್ಲ, ಅವಳಿಗೆ ಅರ್ಥವಾಗಲು ಹೊತ್ತು ಹಿಡಿಯಲಿಲ್ಲ.

"ಒಂದೇ ಗೆರೆ ಬಂದ್ರೆ ಅದು ಉತ್ತರ ಅಲ್ಲ ಅಂತ ನಿನಗೆ ಅವತ್ತೇ ಗೊತ್ತಿತ್ತಾ?"

ಗೊತ್ತಿರಲಿಲ್ಲ ಎನ್ನಬಹುದಿತ್ತು. ಪಿಟೀಲು ನಂಬುತ್ತಿದ್ದಳು.

"ಗೊತ್ತಿತ್ತು," ಎಂದಳು ಚಿಕ್ಕಮ್ಮ.

ಪಿಟೀಲು ಕಡತವನ್ನು ಮುಚ್ಚಿ ಕನ್ನಡಿಯ ಮುಂದಿಟ್ಟಳು. ಬೈದಿದ್ದರೆ, ಕಡತವನ್ನು ಮುಖಕ್ಕೆ ಎಸೆದಿದ್ದರೆ ತಡೆದುಕೊಳ್ಳಬಹುದಿತ್ತು.

"ನಾಲ್ಕು ತಿಂಗಳಿಂದ ಕೈ ಕತ್ತರಿ ಬಿಡ್ತಿಲ್ಲ," ಎಂದಳು, ತನ್ನ ಬಲಗೈ ನೋಡಿಕೊಳ್ಳುತ್ತ. "ಬೆಳಿಗ್ಗೆ ಮೊದಲ ಗಿರಾಕಿ ಬಂದಾಗ ಹೆಚ್ಚು. ಬೆರಳು ಬಿಡಿಸ್ಕೋಬೇಕು, ಅಮ್ಮನ ಥರಾನೇ. ಇವರು ಡಾಕ್ಟರ ಹತ್ರ ಹೋಗೋಣ ಅಂದ್ರು. ಚಿಕ್ಕಮ್ಮ ನೋಡಿ ಆಗಿದೆ, ನನಗಿಲ್ಲ, ಇದು ಚಳಿಗೆ ಅಂತ ನಾನೇ ಬೈದೆ. ನನ್ನ ಕೈಯನ್ನ ನಂಬಲಿಲ್ಲ ಚಿಕ್ಕಮ್ಮ. ನಿನ್ನನ್ನ ನಂಬಿದೆ."

ಚಿಕ್ಕಮ್ಮ ಪಕ್ಕದ ಕುರ್ಚಿಯನ್ನು ಹಿಡಿದುಕೊಂಡಳು, ಕೂರುವ ಧೈರ್ಯವಾಗಲಿಲ್ಲ. "ನಾನು ಬರ್ತೀನಿ ಆಸ್ಪತ್ರೆಗೆ. ಎಲ್ಲಾ ನಾನೇ ಹೇಳ್ತೀನಿ. ಮಗುದು ಬೇಗ ನೋಡಿ ಅಂತ ಕೈಕಾಲು ಹಿಡಿದಾದ್ರೂ..."

"ನಾಲ್ಕು ತಿಂಗಳು ಕಾಯಬೇಕಿತ್ತು ಆಗ," ಎಂದಳು ಪಿಟೀಲು, ಕೇಳಿಸಿಕೊಳ್ಳದವಳಂತೆ. "ಈಗ ನನ್ನ ಹತ್ರ ಇರೋದೇ ನಾಲ್ಕು ತಿಂಗಳು."

ಎದ್ದು ಫೋನ್ ತೆಗೆದುಕೊಂಡಳು. ಆನುವಂಶಿಕತೆ ವಿಭಾಗ ಬೇಕೆಂದಳು, ಎರಡು ಸಲ ಬೇರೆ ಕಡೆಗೆ ತಿರುಗಿಸಿದರೂ ಕಾದಳು. ಚಿಕ್ಕಮ್ಮನ ಕಡೆಗೆ ಬೆನ್ನು ಹಾಕಿ ನಿಂತಿದ್ದಳು, ಆದರೆ ಅಂಗಡಿಯ ತುಂಬ ಕನ್ನಡಿ. ಇಬ್ಬರಿಗೂ ಇಬ್ಬರ ಮುಖವೂ ಕಾಣುತ್ತಿತ್ತು.

"ಅಮ್ಮನಿಗಿತ್ತು," ಎಂದಳು ಫೋನಿಗೆ. "ತೀರ್ಕೊಂಡ್ರು. ವರದಿ ಇದೆ, ತರ್ತೀನಿ. ನಾನೀಗ ಐದು ತಿಂಗಳ ಬಸುರಿ. ಹೌದು, ಕೈಗೆ ಬಂದಿದೆ ಅನ್ಸುತ್ತೆ. ಆಗ ಬರಲ್ಲ ಅಂತ ಹೇಳಿಬಿಟ್ಟೆ, ತಪ್ಪು ನನ್ನದೇ."

ಆ ಕಡೆಯಿಂದ ಏನೋ ಕೇಳಿದರು. ಪಿಟೀಲು ಕನ್ನಡಿಯಲ್ಲಿ ಚಿಕ್ಕಮ್ಮನನ್ನು ನೇರವಾಗಿ ನೋಡಿದಳು. ಆ ನೋಟದಲ್ಲಿ ಸಿಟ್ಟು ಇರಲಿಲ್ಲ. ಬೇರೆ ಯಾರನ್ನಾದರೂ ನೋಡಿದ ಹಾಗಿತ್ತು.

"ಇಲ್ಲ," ಎಂದಳು. "ಇದುವರೆಗೆ ನನಗೆ ಯಾರೂ ಪರೀಕ್ಷೆ ಮಾಡಿಲ್ಲ."

ಚಿಕ್ಕಮ್ಮನ ಕೆಲಸ ಉಳಿಯಿತು. ಪಿಟೀಲು ಕಡತವನ್ನು ತನ್ನ ಕಡೆ ಎಳೆದುಕೊಂಡು ನಾಳೆ ಬೆಳಿಗ್ಗೆ ಒಂಬತ್ತು ಗಂಟೆ ಎಂದು ಅದರ ಮೇಲೆ ಬರೆದುಕೊಂಡಳು. ಜೊತೆಗೆ ಯಾರು ಬರುತ್ತಾರೆ ಎಂದು ಆ ಕಡೆಯವರು ಕೇಳಿದ್ದಕ್ಕೆ, ನನ್ನ ಗಂಡ, ಬೇರೆ ಯಾರೂ ಇಲ್ಲ ಎಂದಳು.